ನಮ್ಮ ಬದುಕಿನ ಬಗ್ಗೆ ನಿಜ ಬರೆಯುವುದು ಹೇಗೆ? ಹಂತ ಹಂತವಾಗಿ

ನೆನಪಿನ ಬರಹ ಬರೆಯಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ಸರಿಯಾಗಿ ನೆನಪಿಲ್ಲದ್ದನ್ನು ಬರೆಯಬಹುದಾ?" "ಮನೆಯವರ ವಿಷಯ ಬರೆದರೆ ತಪ್ಪಾ?" "ಪ್ರಾಮಾಣಿಕವಾಗಿ ಬರೆಯಬೇಕು ಅಂದರೆ ಎಲ್ಲವನ್ನೂ ಹೇಳಿಬಿಡಬೇಕಾ?" ಬಾಲ್ಯ, ಊರು, ಮದುವೆ, ಕಾಯಿಲೆ, ಕೆಲಸ ಕಳೆದುಕೊಂಡ ದಿನಗಳು, ವಿಷಯ ಯಾವುದಾದರೂ ಇರಲಿ, ಕೊನೆಗೆ ಬರುವುದು ಇವೇ ಪ್ರಶ್ನೆಗಳು. ಎಲ್ಲಕ್ಕೂ ಒಂದೇ ಕಡೆ ಉತ್ತರ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪ್ರಾಮಾಣಿಕತೆ ಅಂದರೆ ಮನೆಯ ಗುಟ್ಟೆಲ್ಲ ಬೀದಿಗೆ ತರುವುದಲ್ಲ. ಏನು ಹೇಳಬೇಕು, ಏನು ಬಿಡಬೇಕು ಅನ್ನುವುದು ನಿಮ್ಮ ಹಕ್ಕು. ಆದರೆ ಹೇಳಿದ್ದರಲ್ಲಿ, ಗೊತ್ತಿರುವುದಕ್ಕಿಂತ ಜಾಸ್ತಿ ಗೊತ್ತು ಅಂತ ತೋರಿಸಬಾರದು. ಆಗ ಅನಿಸಿದ್ದಕ್ಕಿಂತ ಜಾಸ್ತಿ ಅನಿಸಿತ್ತು ಅಂತಲೂ ತೋರಿಸಬಾರದು. ಕೆಳಗಿನ ಹಂತಗಳೆಲ್ಲ ಇದನ್ನು ಸಾಧಿಸುವ ದಾರಿಗಳು, ಅಷ್ಟೇ.

ಏನೇನು ಬೇಕು?

ಒಂದು ನೋಟ್‌ಬುಕ್. ಎರಡು ಬಣ್ಣದ ಪೆನ್ನು. ಮಾತು ರೆಕಾರ್ಡ್ ಮಾಡಲು ಫೋನು. ಮನೆಯ ಟ್ರಂಕಿನಲ್ಲೋ ಬೀರುವಿನಲ್ಲೋ ಇರುವ ಹಳೆಯ ಕಾಗದಪತ್ರ: ಮಾರ್ಕ್ಸ್ ಕಾರ್ಡು, ಶಾಲೆಯ ಟಿ.ಸಿ., ಪಹಣಿ, ಮದುವೆ ಕರೆಯೋಲೆ, ಕಾಗದಗಳು, ಫೋಟೋಗಳು. ಜೊತೆಗೆ, ಆ ಕಾಲವನ್ನು ಕಂಡ ಇಬ್ಬರಾದರೂ ಜನ. ಒಬ್ಬರೇ ಸಾಲದು. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಯಾಕೆ ಬರೆಯುತ್ತಿದ್ದೀರಿ ಅಂತ ಒಂದು ಸಾಲು ಬರೆದುಕೊಳ್ಳಿ

ಈ ಸಾಲು ಓದುಗರಿಗಲ್ಲ, ನಿಮಗೆ. "ಅಮ್ಮ ಹೇಗಿದ್ದಳು ಅಂತ ಮಕ್ಕಳಿಗೆ ಗೊತ್ತಾಗಲಿ" ಅಂತ ಇರಬಹುದು. "ದೊಡ್ಡಪ್ಪ ಮಾಡಿದ್ದು ಊರಿಗೆಲ್ಲ ತಿಳಿಯಲಿ" ಅಂತಲೂ ಇರಬಹುದು. ಎರಡನೆಯದಾದರೆ ಬರೆಯಬೇಡಿ ಅಂತ ನಾನು ಹೇಳುವುದಿಲ್ಲ. ಬರೆಯಿರಿ, ಆದರೆ ಪ್ರಕಟಿಸುವ ಮುಂಚೆ ಆ ಬರಹವನ್ನು ಒಂದಷ್ಟು ತಿಂಗಳು ಮುಚ್ಚಿಡಿ. ಸಿಟ್ಟು ಇದ್ದಾಗ ನೆನಪು ಒಂದೇ ಕಡೆಗೆ ವಾಲುತ್ತದೆ.

ಹಂತ 2: ಮೊದಲು ನೆನಪಾದದ್ದನ್ನೆಲ್ಲ ಬರೆಯಿರಿ, ಆಮೇಲೆ ಗುರುತು ಹಾಕಿ

ಮೊದಲ ಕರಡು ಬರೆಯುವಾಗ ಯಾರನ್ನೂ ಕೇಳಬೇಡಿ, ಯಾವ ಕಾಗದವನ್ನೂ ತೆಗೆಯಬೇಡಿ. ತಲೆಯಲ್ಲಿ ಇದ್ದದ್ದು ಇದ್ದ ಹಾಗೆ ಬರಲಿ. ಬರೆದಾದ ಮೇಲೆ ಪ್ರತಿ ವಾಕ್ಯದ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಿ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಈ ಇಡೀ ಲೇಖನದಲ್ಲಿ ನೀವು ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಲೆನಾಡು, ಕರಾವಳಿಯ ಅನೇಕ ಮನೆಗಳಲ್ಲಿ ಇಂಥ ಒಂದು ಕಥೆ ಇದೆ. ಬರೆಯುವವರು ಆಗ ಏಳೆಂಟು ವರ್ಷದ ಮಗು ಅಂದುಕೊಳ್ಳಿ. ಒಕ್ಕಲು ಅಂದರೆ ಗೇಣಿ (ಜಮೀನಿನ ಬಾಡಿಗೆ) ಕೊಟ್ಟು ಅವರ ಗದ್ದೆ ಉಳುತ್ತಿದ್ದವನು.

"1976ರಲ್ಲಿ ನಮ್ಮ ಗದ್ದೆ ಹೋಯಿತು. ಅಜ್ಜ ತಾಲ್ಲೂಕು ಕಚೇರಿಯಿಂದ ಬಂದು ಜಗಲಿಯಲ್ಲಿ ಕೂತರು. ಚಪ್ಪಲಿ ಬಿಚ್ಚಿರಲಿಲ್ಲ. ಅಜ್ಜಿ ಕೊಟ್ಟ ಮಜ್ಜಿಗೆ ಮುಟ್ಟಲಿಲ್ಲ. ನಮ್ಮ ಒಕ್ಕಲು ಮೋಸ ಮಾಡಿದ್ದ. ಅಜ್ಜನ ಎದೆ ಒಡೆದು ಹೋಗಿತ್ತು. ಅಂದಿನಿಂದ ಅವರು ಗದ್ದೆಯ ಕಡೆ ತಲೆ ಹಾಕಲಿಲ್ಲ."

ಓದಲು ಚೆನ್ನಾಗಿಯೇ ಇದೆ, ಅಲ್ವಾ? ಈಗ ಗುರುತು ಹಾಕಿ ನೋಡಿ. ಚಪ್ಪಲಿ ಬಿಚ್ಚದೆ ಕೂತದ್ದು ಕಂಡದ್ದು. ಮಗುವಿನ ಕಣ್ಣಿಗೆ ಬೀಳುವುದು ಇಂಥದ್ದೇ. ಮಜ್ಜಿಗೆಯ ವಿಷಯ ಅತ್ತೆ ಎಷ್ಟೋ ಸಲ ಹೇಳಿದ್ದು, ಹಾಗಾಗಿ ಕೇಳಿದ್ದು. ಮೋಸದ ಮಾತೂ ಕೇಳಿದ್ದೇ. ಎದೆ ಒಡೆದದ್ದು ಪೂರ್ತಿ ಊಹೆ. ತಾಲ್ಲೂಕು ಕಚೇರಿಯಿಂದ ಬಂದರು ಅನ್ನುವುದು? ಆ ವಯಸ್ಸಿನಲ್ಲಿ ನಿಮಗೆ ಅದು ಗೊತ್ತಿತ್ತಾ, ಆಮೇಲೆ ಸೇರಿಕೊಂಡಿತಾ? "ತಲೆ ಹಾಕಲಿಲ್ಲ" ಅನ್ನಬೇಕಾದರೆ ನೀವು ದಿನವೂ ಅಜ್ಜನ ಹಿಂದೆಯೇ ಇರಬೇಕಿತ್ತು. ಶಾಲೆಗೆ ಹೋಗುತ್ತಿದ್ದಿರಿ. 1976 ಅನ್ನುವುದಕ್ಕೂ ಇನ್ನೂ ಆಧಾರವಿಲ್ಲ.

ಹಾಗಂತ ಕೇಳಿದ್ದನ್ನು, ಊಹಿಸಿದ್ದನ್ನು ಹೊಡೆದುಹಾಕಬೇಡಿ. ಅದು ಎಲ್ಲಿಂದ ಬಂತು ಅಂತ ಹೇಳಿಬಿಡಿ, ಸಾಕು:

"ಅಜ್ಜ ಜಗಲಿಯಲ್ಲಿ ಚಪ್ಪಲಿ ಬಿಚ್ಚದೆ ಕೂತದ್ದು ನನಗೆ ನೆನಪಿದೆ. ಮಜ್ಜಿಗೆಯನ್ನೂ ಮುಟ್ಟಲಿಲ್ಲ ಅಂತ ಅತ್ತೆ ಹೇಳುತ್ತಾರೆ. ಒಕ್ಕಲು ಮೋಸ ಮಾಡಿದ ಅನ್ನುವ ಮಾತು ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಓಡಾಡಿತು. ಅಜ್ಜನ ಬಾಯಲ್ಲಿ ಮಾತ್ರ ನಾನು ಅದನ್ನು ಕೇಳಿಲ್ಲ."

ಎರಡನೇ ಬರಹ ಮೊದಲನೆಯದಕ್ಕಿಂತ ಗಟ್ಟಿಯಾಗಿದೆ. ಕೊನೆಯ ಸಾಲು ಗುರುತು ಹಾಕಿದ್ದರಿಂದ ಸಿಕ್ಕಿದ್ದು. ಊಹೆಯನ್ನು ತೆಗೆದ ಜಾಗದಲ್ಲಿ ಅನೇಕ ಸಲ ಹೀಗೆ ನಿಜವಾದ ಸಂಗತಿಯೊಂದು ಎದ್ದು ಬರುತ್ತದೆ.

ಎಚ್ಚರಿಕೆ: ಪ್ರತಿ ಸಾಲಿಗೂ "ನನಗೆ ನೆನಪಿರುವಂತೆ", "ಬಹುಶಃ" ಅಂತ ಅಂಟಿಸಬೇಡಿ. ಓದುವವರಿಗೆ ಸುಸ್ತಾಗುತ್ತದೆ. ಸಂದೇಹ ಎಲ್ಲಿ ಮುಖ್ಯವೋ ಅಲ್ಲಿ ಮಾತ್ರ ಹೇಳಿ.

ಹಂತ 3: ನೆನಪನ್ನು ಕಾಗದದ ಜೊತೆ, ತಾರೀಖಿನ ಜೊತೆ ತಾಳೆ ನೋಡಿ

"ನನಗೆ ನಿನ್ನೆ ಮೊನ್ನೆ ಆದ ಹಾಗಿದೆ, ತಪ್ಪಾಗಲು ಸಾಧ್ಯವೇ ಇಲ್ಲ" ಅಂತ ಹೇಳುವವರು ಜಾಸ್ತಿ. ಅವರಿಗಾಗಿ ಒಂದು ಸಂಗತಿ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಹಾರಿದ ಸ್ವಲ್ಪ ಹೊತ್ತಿಗೇ ಸ್ಫೋಟಗೊಂಡಿತು. ಮನಶ್ಶಾಸ್ತ್ರಜ್ಞ ಅಲ್ರಿಕ್ ನೈಸರ್ ಮಾರನೇ ದಿನವೇ ತಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಅಂತ ಬರೆಸಿಕೊಂಡರು. ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರಿಗೆ ಅದೇ ಪ್ರಶ್ನೆ ಕೇಳಿದರು. ಸುಮಾರು ಕಾಲು ಭಾಗದಷ್ಟು ಜನರ ಉತ್ತರದಲ್ಲಿ ಮುಖ್ಯ ವಿವರ ಒಂದೂ ಸರಿಯಿರಲಿಲ್ಲ. ಆದರೂ ಅನೇಕರಿಗೆ ತಮ್ಮ ನೆನಪೇ ಸರಿ ಅನ್ನುವ ಗಟ್ಟಿ ನಂಬಿಕೆ. ತಮ್ಮದೇ ಕೈಬರಹ ತೋರಿಸಿದರೂ ಈಗಿನ ನೆನಪನ್ನು ಬಿಟ್ಟುಕೊಡದವರಿದ್ದರು. ಆಘಾತದ ಹೊತ್ತಿನ ಚಿತ್ರ ಫೋಟೋ ಹಿಡಿದಂತೆ ಅಚ್ಚೊತ್ತಿ ಉಳಿಯುತ್ತದೆ ಅಂತ ನಮಗೆ ಅನಿಸುತ್ತದಲ್ಲ, ಅದನ್ನು "ಫ್ಲ್ಯಾಶ್‌ಬಲ್ಬ್ ನೆನಪು" ಅನ್ನುತ್ತಾರೆ. ಅದು ಸ್ಪಷ್ಟವಾಗಿರುತ್ತದೆ. ಸರಿಯಾಗಿಯೇ ಇರುತ್ತದೆ ಅಂತ ಹೇಳಲು ಬರುವುದಿಲ್ಲ.

ಅದಕ್ಕೇ ತಾಳೆ ನೋಡಬೇಕು. ಸುಲಭದ ದಾರಿ ಅಂದರೆ, ಎಲ್ಲರಿಗೂ ಗೊತ್ತಿರುವ ಘಟನೆಗಳನ್ನು ಗೂಟದ ಹಾಗೆ ನೆಟ್ಟುಕೊಂಡು, ನಿಮ್ಮ ಮನೆಯ ಘಟನೆ ಅದಕ್ಕೆ ಮುಂಚೆಯೋ ಆಮೇಲೆಯೋ ಅಂತ ನೋಡುವುದು. ನಮ್ಮ ಕಡೆ ಕೆಲಸಕ್ಕೆ ಬರುವ ಕೆಲವು:

- ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1. ಆಣೆಯ ಲೆಕ್ಕ ಅದಕ್ಕೆ ಹಿಂದಿನದು, ಮಾತಿನಲ್ಲಿ ಮಾತ್ರ ಆಮೇಲೂ ಬಹಳ ಕಾಲ ಉಳಿಯಿತು.
- ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1.
- ತುರ್ತು ಪರಿಸ್ಥಿತಿ 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ.
- 1980ರ ಫೆಬ್ರುವರಿ 16, ಶನಿವಾರ ಮಧ್ಯಾಹ್ನದ ಪೂರ್ಣ ಸೂರ್ಯಗ್ರಹಣ. ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರು ಕಡೆಯವರು ಹಾಡುಹಗಲೇ ಕತ್ತಲಾದದ್ದನ್ನು ಮರೆತಿರುವುದಿಲ್ಲ.
- ಇಂದಿರಾ ಗಾಂಧಿ ಹತ್ಯೆ, 1984ರ ಅಕ್ಟೋಬರ್ 31.
- ಶಂಕರ್ ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30.
- ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ, 1993ರ ಸೆಪ್ಟೆಂಬರ್ 30ರ ನಸುಕು. ಬೀದರ್, ಕಲಬುರಗಿಯವರಿಗೆ ಇದು ಒಳ್ಳೆಯ ಗೂಟ.
- ಡಾ. ರಾಜ್‌ಕುಮಾರ್ ಅಪಹರಣ 2000ದ ಜುಲೈ 30, ಬಿಡುಗಡೆ ನವೆಂಬರ್ 15.

"ಅಕ್ಕನ ಮದುವೆ ಯಾವ ವರ್ಷ?" ಅಂತ ಕೇಳಿದರೆ ಅಮ್ಮನಿಗೆ ಗೊತ್ತಾಗಲಿಕ್ಕಿಲ್ಲ. "ಗ್ರಹಣ ಆಗಿತ್ತಲ್ಲ, ಅದಕ್ಕಿಂತ ಮುಂಚೆಯಾ?" ಅಂತ ಕೇಳಿ. ಥಟ್ಟನೆ ಉತ್ತರ ಬರುತ್ತದೆ.

ಹೆಸರುಗಳ ಬಗ್ಗೆಯೂ ಎಚ್ಚರ ಬೇಕು. 1985ರ ಬಗ್ಗೆ ಬರೆಯುತ್ತಾ "ದಾವಣಗೆರೆ ಜಿಲ್ಲೆಯ ನಮ್ಮ ಹಳ್ಳಿ" ಅಂದರೆ ತಪ್ಪಾಗುತ್ತದೆ. ದಾವಣಗೆರೆ, ಉಡುಪಿ, ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ ಜಿಲ್ಲೆಗಳಾದದ್ದು 1997ರಲ್ಲಿ. ಬಿಜಾಪುರ ಅಧಿಕೃತವಾಗಿ ವಿಜಯಪುರ, ಗುಲ್ಬರ್ಗ ಕಲಬುರಗಿ ಆದದ್ದು 2014ರ ನವೆಂಬರ್ 1ರಿಂದ. ಚಿಕ್ಕ ವಿಷಯ ಅನಿಸಬಹುದು. ಆದರೆ ಆ ಊರಿನ ಓದುಗರು ಇಂಥ ಕಡೆಯೇ ನಿಮ್ಮ ಮೇಲಿನ ನಂಬಿಕೆ ಕಳೆದುಕೊಳ್ಳುವುದು.

ಇನ್ನು ಕಾಗದಪತ್ರ. ಅದನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಹಳೆಯ ತಲೆಮಾರಿನವರ ಜನ್ಮ ದಿನಾಂಕ ಅನೇಕ ಸಲ ಶಾಲೆಗೆ ಸೇರಿಸಿದ ದಿನ ಹೆಡ್‌ಮಾಸ್ತರರು ಅಂದಾಜಿನ ಮೇಲೆ ಬರೆದದ್ದು. ಜೂನ್ 1 ಅಂತ ಇದ್ದರೆ ಒಮ್ಮೆ ಸಂದೇಹಪಡಿ. ಮನೆಯವರು "ದೀಪಾವಳಿ ಕಳೆದ ಎಂಟನೇ ದಿನ" ಅನ್ನುತ್ತಿದ್ದರೆ ಆ ಮಾತನ್ನೇ ಬರೆಯಿರಿ, ದಾಖಲೆಯಲ್ಲಿ ಹೀಗಿದೆ ಅಂತಲೂ ಬರೆಯಿರಿ. ಎರಡೂ ಇರಲಿ.

ನಮ್ಮ ಉದಾಹರಣೆಯ ಗದ್ದೆಗೆ ಬರೋಣ. ದೇವರಾಜ ಅರಸು ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟು, ಉಳುವ ಭೂಮಿಯ ಹಕ್ಕು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಕೇಳಬೇಕಿತ್ತು. ಅದನ್ನು ತೀರ್ಮಾನಿಸಲು ತಾಲ್ಲೂಕು ಮಟ್ಟದಲ್ಲಿ ಭೂನ್ಯಾಯ ಮಂಡಳಿಗಳಿದ್ದವು. ಮಂಡಳಿಯ ಆದೇಶದ ನಕಲು ನಿಮ್ಮ ಟ್ರಂಕಿನಲ್ಲೇ ಇರಬಹುದು. ಇಲ್ಲದಿದ್ದರೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿ ನಕಲು ಕೇಳಿ. ಅದರಲ್ಲಿ ವರ್ಷ ಇರುತ್ತದೆ, ಸರ್ವೆ ನಂಬರ್ ಇರುತ್ತದೆ, ಎರಡೂ ಕಡೆಯವರು ಏನು ಹೇಳಿದರು ಅನ್ನುವುದೂ ಸಿಗಬಹುದು. ಮನೆಯಲ್ಲಿ "ಮೋಸ" ಅಂತ ಕೇಳಿ ಬೆಳೆದದ್ದು ಅಲ್ಲಿ ಕಾನೂನು ಹೇಳಿದಂತೆ ಕೊಟ್ಟ ಒಂದು ಅರ್ಜಿಯಾಗಿ ಕಾಣಬಹುದು. ನಿಜವಾಗಿಯೂ ಸುಳ್ಳು ಸಾಕ್ಷಿ ಇತ್ತು ಅಂತಲೂ ಕಾಣಬಹುದು. ಎರಡರಲ್ಲಿ ಯಾವುದು ಅಂತ ತಿಳಿಯದೆ ಆ ಮನುಷ್ಯನ ಮೇಲೆ ಆ ಪದ ಹೊರಿಸುವುದು ಅನ್ಯಾಯ.

ಹಂತ 4: ಮನೆಯವರನ್ನು ಕೇಳಿ, ಆದರೆ ಉತ್ತರವನ್ನು ಅವರ ಬಾಯಿಗೆ ತುರುಕಬೇಡಿ

"ಅತ್ತೆ, ಅವತ್ತು ಅಜ್ಜ ಅತ್ತರಲ್ವಾ?" ಅಂತ ಕೇಳಿದರೆ ಅತ್ತೆ "ಹೂಂ ಮತ್ತೆ" ಅನ್ನುತ್ತಾರೆ. ಮುಂದಿನ ಸಲ ಅವರೇ ಅದನ್ನು ಕಂಡವರ ಹಾಗೆ ಹೇಳುತ್ತಾರೆ. ಸುಳ್ಳು ಹೇಳಬೇಕು ಅಂತ ಅಲ್ಲ, ನೆನಪು ನಡೆಯುವುದೇ ಹಾಗೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗ ಇದನ್ನೇ ತೋರಿಸಿತು. ಒಂದೇ ಕಾರು ಅಪಘಾತದ ಚಿತ್ರ ನೋಡಿದವರಲ್ಲಿ ಕೆಲವರಿಗೆ ಕಾರುಗಳು "ಅಪ್ಪಳಿಸಿದಾಗ" ವೇಗ ಎಷ್ಟಿತ್ತು ಅಂತ ಕೇಳಿದರು, ಇನ್ನು ಕೆಲವರಿಗೆ "ಗುದ್ದಿದಾಗ" ಅಂತ. ವಾರ ಕಳೆದು, ಒಡೆದ ಗಾಜು ಕಂಡಿರಾ ಅಂತ ಕೇಳಿದಾಗ, ಮೊದಲ ಗುಂಪಿನಲ್ಲಿ ಜಾಸ್ತಿ ಜನ ಹೌದು ಅಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ.

ಹೀಗೆ ಕೇಳಿ: "ಅತ್ತೆ, ಅಜ್ಜ ತಾಲ್ಲೂಕಿಗೆ ಹೋಗಿ ಬಂದ ದಿನ ನೀವು ಎಲ್ಲಿದ್ರಿ? ಏನೇನು ಆಯ್ತು, ಹೇಳಿ." ಆಮೇಲೆ ಸುಮ್ನೆ ಕೂತುಬಿಡಿ. ಮಧ್ಯೆ ಬಾಯಿ ಹಾಕಬೇಡಿ. ಅವರು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ ಮಾತಾಡಿದರೆ ಇನ್ನೂ ಒಳ್ಳೆಯದು. ಕೈಗೆ ಕೆಲಸ ಇದ್ದಾಗ ಮಾತು ಸಲೀಸಾಗಿ ಬರುತ್ತದೆ. ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ, ಫೋನನ್ನು ಕಣ್ಣಿಗೆ ಕಾಣುವ ಹಾಗೆ ಇಡಿ. ಕದ್ದು ರೆಕಾರ್ಡ್ ಮಾಡಿದ ಮಾತಿನ ಮೇಲೆ ನಿಜದ ಬರಹ ಕಟ್ಟಲಾಗದು.

ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಹಿರಿಯರು ಹೇಳಿದ್ದಕ್ಕೆ ಕಿರಿಯರು ತಲೆಯಾಡಿಸುತ್ತಾರೆ, ಗಂಡ ಹೇಳಿದ್ದಕ್ಕೆ ಹೆಂಡತಿ ಸುಮ್ಮನಾಗುತ್ತಾಳೆ. ಸಾಧ್ಯವಾದರೆ ಆಚೆ ಕಡೆಯವರನ್ನೂ ಕೇಳಿ. ನಮ್ಮ ಉದಾಹರಣೆಯಲ್ಲಿ ಅಂದರೆ ಆ ಒಕ್ಕಲಿನ ಮನೆಯವರನ್ನು. ನಿಮ್ಮ ಮನೆಯಲ್ಲಿ ಯಾರೂ ಊಟ ಮಾಡದ ಆ ರಾತ್ರಿ, ಅವರ ಮನೆಯಲ್ಲಿ ಪಾಯಸ ಆಗಿರಬಹುದು. ತಲೆಮಾರುಗಳ ಕಾಲ ಕೊಯ್ಲಾದ ಕೂಡಲೇ ಗೇಣಿ ಅಳೆದು ಕೊಟ್ಟವರಿಗೆ ಮೊದಲ ಸಲ ಸ್ವಂತ ಭೂಮಿ ಬಂದ ದಿನ ಅದು. ಇದನ್ನು ಕೇಳಿಕೊಂಡು ಬಂದ ಮೇಲೆ ನಿಮ್ಮ ಅಜ್ಜನ ದುಃಖ ಸುಳ್ಳಾಗುವುದಿಲ್ಲ. ಆದರೆ ನೀವು ಅದನ್ನು ಬರೆಯುವ ರೀತಿ ಬದಲಾಗುತ್ತದೆ.

ಇಬ್ಬರ ಮಾತೂ ಹೊಂದದಿದ್ದರೆ? ತೀರ್ಪು ಕೊಡಲು ಹೋಗಬೇಡಿ. "ಅತ್ತೆ ಹೀಗನ್ನುತ್ತಾರೆ, ಚಿಕ್ಕಪ್ಪ ಹಾಗಲ್ಲ ಅನ್ನುತ್ತಾರೆ" ಅಂತ ಎರಡನ್ನೂ ಇಡಿ. ಓದುಗರು ಇದನ್ನು ತಪ್ಪಾಗಿ ತಿಳಿಯುವುದಿಲ್ಲ.

ಹಂತ 5: ಮಾತುಕತೆ ಬರೆಯುವಾಗ

ಮೂವತ್ತು ವರ್ಷದ ಹಿಂದಿನ ಮಾತುಕತೆ ಯಾರಿಗೂ ಪದಪದ ನೆನಪಿರುವುದಿಲ್ಲ. ನೆನಪಿರುವುದು ಒಂದೋ ಎರಡೋ ಮಾತು. ಆ ಎರಡು ಮಾತನ್ನು ಮಾತ್ರ ಉದ್ಧರಣ ಚಿಹ್ನೆಯೊಳಗೆ ಹಾಕಿ, ಉಳಿದದ್ದನ್ನು ನಿಮ್ಮ ಮಾತಿನಲ್ಲೇ ಹೇಳಿ. ಒಂದು ಪುಟ ಸಂಭಾಷಣೆ ಕಟ್ಟಿದರೆ ಅದು ಕಥೆಯಾಗುತ್ತದೆ. ಕಥೆ ಬರೆಯುವುದು ತಪ್ಪಲ್ಲ, ಆದರೆ ಹಾಗಂತ ಓದುಗರಿಗೆ ಹೇಳಬೇಕು.

ನೆನಪಿರುವ ಆ ಮಾತು ಆಡಿದವರ ಮಾತಿನ ಹಾಗೆಯೇ ಇರಲಿ. ಧಾರವಾಡದ ಅಜ್ಜಿ "ಯಾಕ ಬಂದಿ?" ಅಂದಿದ್ದರೆ ಅದನ್ನು "ಏಕೆ ಬಂದೆ?" ಅಂತ ತಿದ್ದಬೇಡಿ. ಮಂಗಳೂರಿನ ಮಾಸ್ತರರು "ಎಂತ ಮಾರಾಯ" ಅಂದಿದ್ದರೆ ಅದೂ ಹಾಗೇ ಇರಲಿ. ಮನೆಮಾತು ತುಳುವೋ ಕೊಂಕಣಿಯೋ ಉರ್ದುವೋ ತೆಲುಗೋ ಆಗಿದ್ದರೆ, ಅಮ್ಮ ಮಾತಾಡಿದ್ದು ಆ ಭಾಷೆಯಲ್ಲಿ ಅಂತ ಒಂದು ಸಲ ತಿಳಿಸಿಬಿಡಿ.

ಹಂತ 6: ಸಿದ್ಧ ಮಾತುಗಳನ್ನು ಹುಡುಕಿ ತೆಗೆಯಿರಿ

ಈಗ ಕರಡನ್ನು ಮತ್ತೆ ಓದಿ. "ಕಣ್ಣಾಲಿಗಳು ತುಂಬಿ ಬಂದವು", "ಎದೆ ಭಾರವಾಯಿತು", "ಆ ದಿನಗಳು ಮತ್ತೆ ಬಾರವು", "ಬಡತನವಿದ್ದರೂ ಪ್ರೀತಿಗೆ ಕೊರತೆ ಇರಲಿಲ್ಲ": ಇಂಥ ಸಾಲು ಕಂಡಲ್ಲೆಲ್ಲ ಗೆರೆ ಎಳೆಯಿರಿ. ಇವು ಯಾರ ಬದುಕಿಗಾದರೂ ಅಂಟಿಸಬಹುದಾದ ಮಾತುಗಳು. ಅದಕ್ಕೇ ನಿಮ್ಮ ಬದುಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಆಗ ನಿಜವಾಗಿ ಏನಾಯಿತು? ಬಡತನ ಅಂದಿರಿ. ಹೇಗೆ ಕಾಣುತ್ತಿತ್ತು ಅದು? ತಿಂಗಳ ಕೊನೆಗೆ ಅಂಗಡಿಗೆ ಯಾರನ್ನು ಕಳಿಸುತ್ತಿದ್ದರು? ಲೆಕ್ಕದ ಪುಸ್ತಕದಲ್ಲಿ ಬರೆಸಲು ಅಪ್ಪನಿಗೆ ಸಂಕೋಚ ಅಂತ ಮಕ್ಕಳನ್ನು ಕಳಿಸುತ್ತಿದ್ದರಾ? ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆ ಎಷ್ಟು ದಿನಕ್ಕೆ ಬರುತ್ತಿತ್ತು? ಆಮೇಲೆ ಪರೀಕ್ಷೆಗೆ ಯಾವ ಬೆಳಕಿನಲ್ಲಿ ಓದಿದಿರಿ? ಇದರಲ್ಲಿ ಒಂದನ್ನು ಬರೆದರೆ ಸಾಕು. ಬಡತನ ಅನ್ನುವ ಪದವೇ ಬೇಕಾಗುವುದಿಲ್ಲ.

ಏನೂ ಅನಿಸದೇ ಇದ್ದರೆ ಹಾಗೇ ಬರೆಯಿರಿ. ಸಾವಿನ ಮನೆಯಲ್ಲಿ ಎಷ್ಟೋ ಜನರಿಗೆ ಅಳು ಬರುವುದಿಲ್ಲ. ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಶಾಮಿಯಾನದವರಿಗೆ ಫೋನ್ ಮಾಡಬೇಕು ಅನ್ನುವುದೊಂದೇ ತಲೆಯಲ್ಲಿ ಇರುತ್ತದೆ. ಅಳು ಆರು ತಿಂಗಳು ಬಿಟ್ಟು, ಬ್ಯಾಂಕಿನಲ್ಲಿ ನಾಮಿನಿ ಫಾರ್ಮ್ ತುಂಬುವಾಗ ಬರುತ್ತದೆ. ಹಾಗೆ ಆಗಿದ್ದರೆ ಹಾಗೆಯೇ ಬರೆಯಲು ನಾಚಿಕೆ ಬೇಡ. ಇಂಥದ್ದನ್ನು ಓದಿದಾಗ "ನನಗೂ ಹೀಗೇ ಆಗಿತ್ತು" ಅಂತ ಸಮಾಧಾನಪಡುವ ಓದುಗರಿದ್ದಾರೆ.

ಇನ್ನೊಂದು ಬಗೆಯ ಸುಳ್ಳೂ ಇದೆ: ಕಷ್ಟಕ್ಕೆ ಬಲವಂತವಾಗಿ ಪಾಠ ಅಂಟಿಸುವುದು. "ಆ ಸೋಲೇ ನನ್ನನ್ನು ಬೆಳೆಸಿತು" ಅಂತ. ಬೆಳೆಸಿದ್ದರೆ ಸರಿ. ಬರೀ ನೋಯಿಸಿ ಹೋಗಿದ್ದರೆ ಅಷ್ಟನ್ನೇ ಬರೆದು ನಿಲ್ಲಿಸಿ.

ಹಂತ 7: ನೀವು ನೋಡದೆ ಬಿಟ್ಟದ್ದು ಯಾವುದು?

ಇದು ಎಲ್ಲಕ್ಕಿಂತ ಕಷ್ಟದ ಹಂತ, ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ. ನಮ್ಮ ಬಾಲ್ಯದ ಬರಹಗಳಲ್ಲಿ ದೊಡ್ಡ ಮನೆ, ತುಂಬಿದ ಕಣಜ, ಹಬ್ಬದ ಅಡುಗೆ ಎಲ್ಲ ಬರುತ್ತದೆ. ಆ ಕಣಜ ತುಂಬಿಸಿದವರು ಎಲ್ಲಿ ಕೂತು ಉಂಡರು ಅನ್ನುವುದು ಬರುವುದಿಲ್ಲ. ಕೆಲಸಕ್ಕೆ ಬರುತ್ತಿದ್ದವರಿಗೆ ಕಾಫಿ ಯಾವ ಲೋಟದಲ್ಲಿ ಕೊಡುತ್ತಿದ್ದರು? ಲೋಟವೋ, ತೆಂಗಿನ ಚಿಪ್ಪೋ? ಆ ಲೋಟ ಎಲ್ಲಿ ಇರುತ್ತಿತ್ತು, ತೊಳೆದಿಡುತ್ತಿದ್ದವರು ಯಾರು? ಅವರು ಮನೆಯೊಳಗೆ ಎಲ್ಲಿಯವರೆಗೆ ಬರಬಹುದಿತ್ತು? ಶಾಲೆಯಲ್ಲಿ ನಿಮ್ಮ ಪಕ್ಕ ಯಾರು ಕೂರುತ್ತಿರಲಿಲ್ಲ? ಜಾತಿಯ ಹೆಸರೇ ಎತ್ತದೆ ಹಳ್ಳಿಯ ಬಾಲ್ಯವನ್ನು ಪೂರ್ತಿ ಬರೆದೆ ಅಂದುಕೊಂಡರೆ, ಬಹುಪಾಲು ಆ ಬರಹ ಅರ್ಧದ್ದೇ.

ಮನೆಯೊಳಗೂ ಹೀಗೆಯೇ. ಹಬ್ಬದ ಊಟದ ಬಗ್ಗೆ ಎರಡು ಪುಟ ಬರೆದಿದ್ದೀರಿ. ಕೊನೆಯಲ್ಲಿ ಊಟಕ್ಕೆ ಕೂತವರು ಯಾರು, ಆಗ ಪಾತ್ರೆಯಲ್ಲಿ ಏನು ಉಳಿದಿರುತ್ತಿತ್ತು? ಮುಟ್ಟಾದ ದಿನಗಳಲ್ಲಿ ಅಮ್ಮ, ಅಕ್ಕ ಎಲ್ಲಿ ಮಲಗುತ್ತಿದ್ದರು?

ಎಚ್ಚರಿಕೆ: ಇದನ್ನು ತಪ್ಪೊಪ್ಪಿಗೆಯ ಭಾಷಣ ಮಾಡಬೇಡಿ. ಬರಹ ಮತ್ತೆ ನಿಮ್ಮ ಸುತ್ತಲೇ ತಿರುಗತೊಡಗುತ್ತದೆ. ಲೋಟ ಎಲ್ಲಿತ್ತು ಅಂತ ಹೇಳಿ, ಮುಂದಕ್ಕೆ ಹೋಗಿ. ಓದುಗರಿಗೆ ಅರ್ಥವಾಗುತ್ತದೆ.

ಹಂತ 8: ಬೇರೆಯವರ ಬದುಕು, ಒಪ್ಪಿಗೆ, ಕಾನೂನು

ನಿಮ್ಮ ಕಥೆಯಲ್ಲಿ ಬರುವವರೆಲ್ಲ ನಿಮ್ಮ ಕಥೆಗಾಗಿ ಬದುಕಿದವರಲ್ಲ. ಬರಹದಲ್ಲಿ ಗುರುತಾಗುವ ಪ್ರತಿಯೊಬ್ಬರ ಪಟ್ಟಿ ಮಾಡಿ. ಅವರ ಕಾಯಿಲೆ, ಮದುವೆ, ಸಾಲ, ಗರ್ಭಪಾತ, ಕುಡಿತ ಇಂಥ ವಿಷಯ ಬಂದಿದ್ದರೆ ಆ ಭಾಗವನ್ನು ಅವರಿಗೆ ಓದಿ ಹೇಳಿ, ಒಪ್ಪಿಗೆ ಕೇಳಿ. "ಬರೀತಿದ್ದೀನಿ ಅಕ್ಕ, ಪರವಾಗಿಲ್ಲ ಅಲ್ವಾ?" ಅಂತ ಫೋನಿನಲ್ಲಿ ಕೇಳಿದರೆ ಅದು ಒಪ್ಪಿಗೆಯಲ್ಲ. ಬರೆದದ್ದನ್ನೇ ತೋರಿಸಬೇಕು.

ಹೆಸರು ಬದಲಿಸಿದರೆ ಸಾಕು ಅಂತ ಅನೇಕರು ತಿಳಿದಿದ್ದಾರೆ. ಸಾಲದು. "ನನ್ನ ಎರಡನೇ ಚಿಕ್ಕಮ್ಮ" ಅಂದ ಕೂಡಲೇ ಬಳಗಕ್ಕೆಲ್ಲ ಯಾರು ಅಂತ ಗೊತ್ತಾಗುತ್ತದೆ. ಸಂಬಂಧ, ಊರು, ಕೆಲಸ ಮೂರನ್ನೂ ಬದಲಿಸಬೇಕಾಗಬಹುದು. ಬದಲಿಸಿದ್ದರೆ ಬರಹದಲ್ಲೇ ಒಂದು ಸಾಲು ಹಾಕಿ: "ಕೆಲವರ ಗುರುತು ಮರೆಸಿದ್ದೇನೆ." ಇಬ್ಬರು ಮೂವರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದ್ದರೆ ಅದನ್ನೂ ಹೇಳಿ.

ಕಾನೂನಿನ ಮುಖ್ಯ ಅಂಶಗಳನ್ನು ತಿಳಿದಿರಿ:

ಮಾನಹಾನಿ, ಅಂದರೆ ಒಬ್ಬರ ಹೆಸರು ಕೆಡಿಸುವ ಮಾತನ್ನು ಪ್ರಕಟಿಸುವುದು. 2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಮೊದಲು ಐಪಿಸಿ 499, 500 ಆಗಿತ್ತು. ಎರಡು ವರ್ಷದವರೆಗೆ ಸಾದಾ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ, ಅಥವಾ ಸಮುದಾಯ ಸೇವೆಯ ಶಿಕ್ಷೆ ಇದೆ. "ನಿಜವನ್ನೇ ಬರೆದೆ" ಅನ್ನುವುದು ಒಂದೇ ಸಾಲದು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕೆ ಅಂತಲೂ ತೋರಿಸಬೇಕಾಗುತ್ತದೆ. "ಅವರು ತೀರಿಕೊಂಡಿದ್ದಾರಲ್ಲ" ಅನ್ನುವುದೂ ರಕ್ಷಣೆಯಲ್ಲ. ಮನೆಯವರಿಗೆ ನೋವು ಮಾಡುವ ಉದ್ದೇಶದಿಂದ ತೀರಿಕೊಂಡವರ ಹೆಸರು ಕೆಡಿಸಿದರೂ ಅದು ಮಾನಹಾನಿಯಾಗಬಹುದು.

ಖಾಸಗಿತನ. 1994ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ಹುಟ್ಟಿದ್ದೇ ಆತ್ಮಕಥೆಯಿಂದ. ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್ ಅನ್ನುವ ಕೈದಿಯ ಆತ್ಮಕಥೆಯನ್ನು ತಮಿಳು ಪತ್ರಿಕೆಯೊಂದು ಪ್ರಕಟಿಸಲು ಹೊರಟಿತ್ತು. ಸಾರ್ವಜನಿಕ ದಾಖಲೆಯಲ್ಲಿ ಇರುವಷ್ಟನ್ನು ಅನುಮತಿ ಇಲ್ಲದೆಯೂ ಪ್ರಕಟಿಸಬಹುದು ಅಂತ ಕೋರ್ಟ್ ಹೇಳಿತು. ಆದರೆ ಒಬ್ಬರ ಕುಟುಂಬ, ಮದುವೆ, ತಾಯ್ತನ ಇಂಥ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ, ಅದು ನಿಜವಿರಲಿ ಸುಳ್ಳಿರಲಿ, ಹೊಗಳಿಕೆ ಇರಲಿ ತೆಗಳಿಕೆ ಇರಲಿ ಅಂತಲೂ ಹೇಳಿತು. ಮುಂದೆ 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ತೀರ್ಪು ಕೊಟ್ಟಿತು.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಶಾಲೆ, ಮನೆ, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಇದನ್ನು ತಡೆಯುತ್ತದೆ. ಇಂಥ ವಿಷಯ ನಿಮ್ಮ ಬರಹದಲ್ಲಿದ್ದರೆ ವಕೀಲರಿಗೆ ತೋರಿಸದೆ ಪ್ರಕಟಿಸಲೇಬೇಡಿ.

ನಿಮ್ಮ ಮಕ್ಕಳ ಬಗ್ಗೆಯೂ ಒಂದು ಮಾತು. ಹಾಸಿಗೆ ಒದ್ದೆ ಮಾಡಿದ್ದು, ಪರೀಕ್ಷೆಯಲ್ಲಿ ನಕಲು ಮಾಡಿದ್ದು, ಮೊದಲ ಪ್ರೀತಿ ನಿಮಗೆ ಮುದ್ದಾಗಿ ಕಾಣಬಹುದು. ಹದಿನೈದರ ಹುಡುಗನಿಗೆ ತರಗತಿಯಲ್ಲಿ ತಲೆ ಎತ್ತಲಾಗದು. ಅವರು ದೊಡ್ಡವರಾಗಿ ಒಪ್ಪುವವರೆಗೆ ಬಿಟ್ಟುಬಿಡಿ.

ಹಂತ 9: ಬೇರೆಯವರ ಸಾಲು, ಯಂತ್ರದ ಸಾಲು

ವಾಟ್ಸ್‌ಆಪ್‌ನಲ್ಲಿ ಬಂದ ಕಥೆಯನ್ನು "ನಮ್ಮೂರಲ್ಲೊಬ್ಬರು" ಅಂತ ಬರೆಯಬೇಡಿ. ಎಐ ತಂತ್ರಾಂಶಕ್ಕೆ ಕರಡು ಕೊಟ್ಟು ಚೆಂದ ಮಾಡಿಸುವವರು ಈಗ ಜಾಸ್ತಿ. ಕಾಗುಣಿತ ತಿದ್ದಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ವಾಕ್ಯ ತಿದ್ದಿಸಿಕೊಂಡ ಮೇಲೆ ಎರಡನೇ ಹಂತದ ಗುರುತುಗಳನ್ನು ಮತ್ತೆ ಹಾಕಿ ನೋಡಿ. ನೀವು ಕಾಣದ ಮಳೆ, ಕೇಳದ ಗಂಟೆ, ಇಲ್ಲದ ಮಲ್ಲಿಗೆ ಚಪ್ಪರ ಒಳಗೆ ಸೇರಿಕೊಂಡಿರುತ್ತದೆ. ಫೋಟೋವನ್ನೂ ನೋಡಿಕೊಳ್ಳಿ. ಬೇರೆ ಊರಿನ ಹಳೆಯ ಮನೆಯ ಚಿತ್ರ ಹಾಕಿದರೆ ಅಡಿಯಲ್ಲಿ "ಸಾಂದರ್ಭಿಕ ಚಿತ್ರ" ಅಂತ ಇರಲಿ.

ಹಂತ 10: ಗಟ್ಟಿಯಾಗಿ ಓದಿ, ಆಮೇಲೆ ಪ್ರಕಟಿಸಿ

ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರ ಮುಂದೆ ಇಡೀ ಬರಹವನ್ನು ಓದಿ. ಯಾವ ಸಾಲಿನ ಹತ್ತಿರ ನಿಮ್ಮ ದನಿ ತಗ್ಗುತ್ತದೋ, ಎಲ್ಲಿ ಬೇಗ ಬೇಗ ಓದಿ ಮುಗಿಸಬೇಕು ಅನಿಸುತ್ತದೋ ಅಲ್ಲಿ ಗುರುತು ಮಾಡಿಕೊಳ್ಳಿ. ಸಾಮಾನ್ಯವಾಗಿ ಅದು ಉಬ್ಬಿಸಿದ ಸಾಲು, ಇಲ್ಲವೇ ಇನ್ನೊಬ್ಬರ ಗುಟ್ಟು.

ಪ್ರಕಟವಾದ ಮೇಲೆ ಯಾರಾದರೂ "ಅದು ಹಾಗಲ್ಲಪ್ಪ, ನಾನೂ ಅಲ್ಲಿದ್ದೆ" ಅಂದರೆ ವಾದಕ್ಕೆ ಇಳಿಯಬೇಡಿ. ಬರೆದುಕೊಳ್ಳಿ, ತಾಳೆ ನೋಡಿ. ಅವರು ಹೇಳಿದ್ದು ಸರಿಯಿದ್ದರೆ ಬರಹವನ್ನು ತಿದ್ದಿ, ಏನು ತಿದ್ದಿದಿರಿ ಮತ್ತು ಯಾವಾಗ ಅಂತ ಕೊನೆಯಲ್ಲಿ ಒಂದು ಸಾಲು ಹಾಕಿ. ಸದ್ದಿಲ್ಲದೆ ತಿದ್ದಬೇಡಿ.

ಗುರುತು ಹಾಕಿದ ಕರಡು, ಆದೇಶದ ನಕಲು, ಒಪ್ಪಿಗೆಯ ಸಂದೇಶ ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ, ಮೇಲೆ ತಾರೀಖು ಬರೆದು ಜೋಪಾನವಾಗಿಡಿ. ರೆಕಾರ್ಡಿಂಗ್‌ನ ಒಂದು ಪ್ರತಿಯನ್ನು ಮಾತಾಡಿದವರಿಗೂ ಕೊಡಿ. ಅವರು ಅಳಿಸು ಅಂದರೆ ನಿಮ್ಮ ಹತ್ತಿರ ಇರುವುದನ್ನು ಅಳಿಸಿಬಿಡಿ.